ಒಳಗಿನ ಇಳಿಜಾರು

ಕಚಕ್. ತುಸು ಹೊತ್ತು ಬಿಟ್ಟು ಮತ್ತೊಮ್ಮೆ, ಕಚಕ್.

ಪಕ್ಕದ ಕೋಣೆಯಿಂದ ಬಂದ ಆ ಸದ್ದಿಗೆ ಸೊಯ್ಲಾ ತೆನೆಸಾಕಾಳ ಕೈ ನಿಂತಿತು. ಅವಳ ಮುಂದೆ ಮೇಜಿನ ಮೇಲೆ ಅರ್ಧ ಸುಲಿದ ಹಕ್ಕಿಯೊಂದಿತ್ತು; ಚರ್ಮದ ಹಸಿ ಹೀರಲೆಂದು ಉದುರಿಸಿದ ಮೆಕ್ಕೆಜೋಳದ ಹಿಟ್ಟು ಬೆರಳಿಗೆಲ್ಲ ಮೆತ್ತಿತ್ತು. ಕೇಳಿಸಿದ್ದು ತನ್ನದೇ ಕತ್ತರಿ, ರೆಕ್ಕೆಯ ಎಲುಬು ತುಂಡರಿಸುವ ಮೂತಿ ಬಾಗಿದ ಪುಟ್ಟ ಕತ್ತರಿ ಎಂದು ಅವಳಿಗೆ ಗೊತ್ತಾಯಿತು. ಎಲುಬಿಗೆ ಬಿದ್ದರೆ ಅದರ ಸದ್ದು ಒಣಗಿರುತ್ತದೆ. ಇದು ಮೆತ್ತಗಿತ್ತು. ಯಾರೋ ದಾರ ಕತ್ತರಿಸುತ್ತಿದ್ದರು.

ನಮ್ಮ ಸಂಗ್ರಹಾಲಯದಲ್ಲಿ ದಾರವೆಂದರೆ ಒಂದೇ. ಹತ್ತಿ ತುಂಬಿ ಒಣಗಿಸಿಟ್ಟ ಹಕ್ಕಿಗಳ ಕಾಲಿಗೆ ಚೀಟಿ ಕಟ್ಟಿದ ದಾರ. ಎಲ್ಲಿ ಸಿಕ್ಕಿದ್ದು, ಯಾವ ದಿನ, ಎಷ್ಟು ಎತ್ತರದಲ್ಲಿ, ಗಂಡೋ ಹೆಣ್ಣೋ, ತೂಕ ಎಷ್ಟು, ಎಲ್ಲವೂ ಆ ಬೆರಳುದ್ದದ ಚೀಟಿಯಲ್ಲೇ. ಅದರಲ್ಲಿ ತಪ್ಪು ಕಂಡರೂ ಬಿಚ್ಚುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಕಟ್ಟಬೇಕು. ನಾನು ಅಲ್ಲಿಯ ಪುಸ್ತಕದ ಕೋಣೆ ನೋಡಿಕೊಳ್ಳುವವಳು, ಹಕ್ಕಿಯ ವಿದ್ಯೆ ನನಗಿಲ್ಲ. ಆದರೆ ಈ ನಿಯಮ ನನಗೂ ಗೊತ್ತಿತ್ತು, ಬಾಗಿಲು ಕಾಯುವ ಮುದುಕನಿಗೂ ಗೊತ್ತಿತ್ತು.

ಸೊಯ್ಲಾ ಪುಕಾಲೋಮದವಳು. ಎಕ್ವಡೋರಿನ ದಕ್ಷಿಣಕ್ಕೆ, ನಮ್ಮ ಪಟ್ಟಣದಿಂದ ಎರಡು ಬಸ್ಸು ಬದಲಿಸಿ ಹತ್ತಬೇಕಾದ ಒಂದು ಉದ್ದನೆಯ ಬೆಟ್ಟಸಾಲು ಅದು. ಹುಲ್ಲು, ಮಂಜು, ಕುರಿ. ಹತ್ತೊಂಬತ್ತರ ವಯಸ್ಸಿನಲ್ಲಿ ಸಂಗ್ರಹಾಲಯದ ನೆಲ ಒರೆಸಲು ಬಂದಳು. ಆಗ ಹಕ್ಕಿ ಸುಲಿಯುತ್ತಿದ್ದ ದೋನ್ ಎಲಿಸೆಯೊಗೆ ಕೈ ನಡುಗಲು ಶುರುವಾಗಿತ್ತು. ಒಂದು ದಿನ ಅವರು ಕಿಟಕಿಗೆ ಬಡಿದು ಸತ್ತ ಕಿಂದೆಯೊಂದನ್ನು ಅವಳ ಅಂಗೈಯಲ್ಲಿಟ್ಟು, ನಿನ್ನ ಬೆರಳು ಸಣ್ಣಗಿವೆ, ನೋಡು ಎಂದರಂತೆ. ಲೋಕವೆಲ್ಲ ಹಮ್ಮಿಂಗ್ ಬರ್ಡ್ ಎನ್ನುವ ಹಕ್ಕಿಗೆ ನಾವು ಕಿಂದೆ ಎನ್ನುತ್ತೇವೆ. ನಾಲ್ಕು ಗ್ರಾಂ ತೂಕ. ಚರ್ಮ ಈರುಳ್ಳಿ ಸಿಪ್ಪೆಗಿಂತ ತೆಳು, ಉಸಿರು ಜೋರಾಗಿ ಬಿಟ್ಟರೆ ಹರಿಯುತ್ತದೆ. ಸೊಯ್ಲಾಳ ಕೈಯಲ್ಲಿ ಅದು ಹರಿಯಲಿಲ್ಲ. ಅಂದಿನಿಂದ ಇಪ್ಪತ್ತಾರು ವರ್ಷ.

ಪುಕಾಲೋಮದಲ್ಲಿ ಬಾಲಕ್ಕೆ ಲೋಹದ ಮಿರುಗಿರುವ ಒಂದು ಬಗೆಯ ಹಸಿರು ಕಿಂದೆ ಇದೆ. ಲೋಹಬಾಲಗಳೆಂಬ ದೊಡ್ಡ ಬಳಗಕ್ಕೆ ಸೇರಿದ್ದು. ಪುಸ್ತಕಗಳು ಅದನ್ನು ಒಂದೇ ಜಾತಿಯೆಂದವು, ಕೊರಳ ಬಣ್ಣ ಒಂದೇ ಎಂಬ ಕಾರಣಕ್ಕೆ. ಸೊಯ್ಲಾ ಒಪ್ಪಲಿಲ್ಲ. ಬೆಟ್ಟದ ಒಂದು ಮಗ್ಗುಲಿನದು ಮಣ್ಣಿನ ದರೆಯ ಕೆಳಗೆ ಹಾವಸೆಯ ಗೂಡು ತೂಗುಹಾಕುತ್ತದೆ. ಇನ್ನೊಂದು ಮಗ್ಗುಲಿನದು ಬಂಡೆಯ ಬಿರುಕಿನಲ್ಲಿ ಕುರಿಯ ತುಪ್ಪಟ ತಂದು ಮೆತ್ತುತ್ತದೆ. ಕೊರಳು ಒಂದೇ ಆದರೆ ತಾಯಿ ಒಂದೇ ಆಗಬೇಕೆ ಎಂದು ಹಕ್ಕಿಯ ವಿದ್ಯೆ ಓದಿ ಬಂದ ಡಾಕ್ಟರುಗಳನ್ನೆಲ್ಲ ಅವಳು ಕೇಳಿದಳು. ಒಬ್ಬೊಬ್ಬರೂ ನಕ್ಕು ಅವಳ ಕಾಫಿಯನ್ನು ಹೊಗಳಿ ಹೋದರು.

ಕೊನೆಗೆ ಬಂದವರು ಡಾಕ್ಟರ್ ಬಲ್ತಸಾರ್. ರಾಜಧಾನಿಯಲ್ಲಿ ಓದಿ ಬಂದವರು, ಚುರುಕು, ಕೆಟ್ಟವರಲ್ಲ; ಅವಳನ್ನು ಮರ್ಯಾದೆಯಿಂದ ದೋನ್ಯಾ ಎಂದೇ ಕರೆಯುತ್ತಿದ್ದರು. ಅವಳು ಸುಲಿದ ಮೂವತ್ತೇಳು ಕಿಂದೆಗಳ ಕಾಲ್ಬೆರಳಿನಿಂದ ಚೂರುಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಆರು ತಿಂಗಳಲ್ಲಿ ಗೋಡೆಯ ಮೇಲೆ ಲೋಹಬಾಲಗಳ ವಂಶವೃಕ್ಷ ಬಂತು. ಬೆಟ್ಟಗಳು ಎದ್ದಂತೆ, ನಡುವಿನ ಬಿಸಿ ಕಣಿವೆಗಳು ಆಳವಾದಂತೆ, ಒಂದೇ ಮನೆಯ ಹಕ್ಕಿಗಳು ಬೇರೆ ಬೇರೆ ಶಿಖರಗಳಲ್ಲಿ ಉಳಿದು ಲಕ್ಷಾಂತರ ವರ್ಷ ಒಬ್ಬರ ಮುಖ ಒಬ್ಬರು ಕಾಣದೆ ಬೇರೆಯೇ ಆಗಿಹೋದ ಕಥೆ ಅದು. ಪುಕಾಲೋಮದ ಕಿಂದೆಗಳು ಅದರಲ್ಲಿ ಎರಡು ದೂರದ ಕೊಂಬೆಗಳ ಮೇಲೆ ಕೂತಿದ್ದವು, ಒಂದು ಬಗೆ ಮೂಡಣ ಬೆಟ್ಟಗಳ ಹಕ್ಕಿಗಳ ಜೊತೆ, ಇನ್ನೊಂದು ಪಡುವಣದವುಗಳ ಜೊತೆ. ಒಂದೇ ಜಾತಿಯಲ್ಲ, ಒಡಹುಟ್ಟಿದವೂ ಅಲ್ಲ.

ಸೊಯ್ಲಾ ಹೇಳಿದ್ದೇ ಸರಿಯಾಗಿತ್ತು. ಆದರೆ ಹೋದ ವಾರ ಅಂಚೆಯಲ್ಲಿ ಬಂದ ಪತ್ರಿಕೆಯನ್ನು ಬಿಚ್ಚಿ ಡಾಕ್ಟರರ ಲೇಖನ ಓದಿದಾಗ ನನ್ನ ಮೈ ಉರಿಯಿತು. ಸೊಯ್ಲಾಳನ್ನು ಕರೆದು ಅದರಲ್ಲಿದ್ದ ಒಂದು ಸಾಲನ್ನು ಓದಿ ಹೇಳಿದೆ. ಎರಡೂ ಜಾತಿಯ ಹಕ್ಕಿಗಳು ಇರಬಾರದ ಮಗ್ಗುಲಿನಲ್ಲಿ ಸಿಕ್ಕಿದ್ದಾಗಿ ದಾಖಲಾಗಿವೆ; ಬಹುಶಃ ಚರ್ಮ ತಯಾರಿಸಿದಾಕೆಯ ಅಜಾಗರೂಕತೆಯಿಂದ ಚೀಟಿಗಳು ಅದಲುಬದಲಾಗಿವೆ; ಆದ್ದರಿಂದ ಈ ಮೂವತ್ತೇಳು ಮಾದರಿಗಳ ಸ್ಥಳವನ್ನು ನಂಬುವಂತಿಲ್ಲ. ಇನ್ನೊಮ್ಮೆ ಓದು ಎಂದಳು. ಓದಿದೆ. ಇಪ್ಪತ್ತಾರು ವರ್ಷದಲ್ಲಿ ಅವಳ ಬಗ್ಗೆ ಅಚ್ಚಾದ ಸಾಲು ಅದೊಂದೇ, ಅದರಲ್ಲಿ ಅವಳ ಹೆಸರೂ ಇರಲಿಲ್ಲ.

ಈಗ ಕತ್ತರಿಯ ಸದ್ದಿನ ಬೆನ್ನು ಹತ್ತಿ ಅವಳು ಹೋದಳು, ಅವಳ ಮೇಜಿನ ಬಳಿಯೇ ಇದ್ದ ನಾನೂ ಹಿಂದೆ ಹೋದೆ. ಡಾಕ್ಟರರ ಮುಂದೆ ಹತ್ತೊಂಬತ್ತು ಕಿಂದೆಗಳು ಬರಿಗಾಲಲ್ಲಿ ಅಂಗಾತ ಮಲಗಿದ್ದವು. ಪಕ್ಕದ ಗಾಜಿನ ಬಟ್ಟಲಲ್ಲಿ ಹತ್ತೊಂಬತ್ತು ಚೀಟಿಗಳು ಗುಡ್ಡೆ ಬಿದ್ದಿದ್ದವು.

"ನನ್ ಕತ್ತರಿ ಹುಡುಕ್ಕೊಂಡ್ ಬಂದೆ ಡಾಕ್ಟರೇ," ಎಂದಳು ಸೊಯ್ಲಾ.

ತನಿಖೆಗೆ ಹೊರಗಿನವರು ಬರುವವರಿದ್ದಾರೆ, ಅಷ್ಟರಲ್ಲಿ ಸ್ಥಳ ತಿಳಿದಿಲ್ಲ ಎಂಬ ಹೊಸ ಚೀಟಿ ಕಟ್ಟಬೇಕು, ಹಳೆಯದನ್ನೂ ಬಿಟ್ಟರೆ ನೋಡಿದವರಿಗೆ ಗೊಂದಲ ಎಂದು ಅವರು ವಿವರಿಸಿದರು. ಬೇಜಾರು ಮಾಡಿಕೊಳ್ಳಬಾರದು, ಕೈತಪ್ಪು ಯಾರಿಗಿಲ್ಲ ಎಂದೂ ಸೇರಿಸಿದರು.

"ಎಷ್ಟು ತಪ್ಪಿವೆ?"

"ಮೂವತ್ತೇಳೂ ದೋನ್ಯಾ ಸೊಯ್ಲಾ. ಇದು ಅಲ್ಲಿ, ಅದು ಇಲ್ಲಿ, ಪೂರ್ತಿ ತಿರುಗುಮುರುಗು."

"ಒಂದ್ ತಪ್ಪಿದ್ರೆ ಬರೆದೋಳ ಕೈತಪ್ಪು. ಮೂವತ್ತೇಳೂ ತಪ್ಪಿದ್ರೆ ಓದಿದೋರ ತಪ್ಪು ಇರ್ಬೋದು ಅಂತ ನಿಮಗೆ ಅನ್ನಿಸ್ಲೇ ಇಲ್ವಾ?"

ಅವರು ಬಟ್ಟಲಿನಿಂದ ಒಂದು ಚೀಟಿ ಎತ್ತಿ ಅವಳ ಮುಂದೆ ಹಿಡಿದರು. ದುಂಡಗಿನ ಅಕ್ಷರದಲ್ಲಿ, ಪುಕಾಲೋಮ, ಒಳಗೆ ಎಂದಿತ್ತು. ಒಳಗೆ ಎಂದರೆ ಕಣಿವೆಯ ಒಳಗೆ, ನದಿ ಇರುವ ಪಡುವಣ ಮಗ್ಗುಲು ಎಂದು ಅವರು ಓದಿಕೊಂಡಿದ್ದರು. ಇದಕ್ಕೆ ಬೇರೆ ಅರ್ಥ ಎಲ್ಲಿದೆ ಎಂದು ಕೇಳಿದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಅಜ್ಜಿ ಕೂಡ ಮೂಡಣದ ಕಾಡಿಗೆ ದುಡಿಯಲು ಹೋದ ತಮ್ಮನನ್ನು 'ಒಳಗೆ ಹೋದ' ಎಂದೇ ಅಳುತ್ತಿದ್ದಳು.

"ಡಾಕ್ಟರೇ, ನಮ್ ಬೆಟ್ಟದಲ್ಲಿ ಒಳಗೆ ಅಂದ್ರೆ ಕಾಡಿನ್ ಕಡೆ. ಸೂರ್ಯ ಹುಟ್ಟೋ ಕಡೆ. ಹೊರಗೆ ಅಂದ್ರೆ ಪಟ್ಟಣ, ಸಮುದ್ರದ್ ಕಡೆ. ಕುರಿ ಕಾಯೋ ಮಗೂನ್ ಕೇಳಿದ್ರೂ ಹೇಳ್ತಿತ್ತು. ನಾನು ಇಲ್ಲೇ ಇದ್ದೆ, ಗೋಡೆ ಆಚೆ. ಬಾಗಿಲು ತಟ್ಟಿ ಒಂದ್ ಮಾತು ಕೇಳೋಕೆ ಆಗ್ಲಿಲ್ಲ, ಅಲ್ವಾ?"

ಡಾಕ್ಟರ್ ಗೋಡೆಯ ವೃಕ್ಷದ ಕಡೆ ತಿರುಗಿದರು. ಬೆರಳು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹೋಯಿತು. ಮೂಡಣದವು ಮೂಡಣಕ್ಕೆ, ಪಡುವಣದವು ಪಡುವಣಕ್ಕೆ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಅವರ ಮುಖ ಅರಳಿತು. ಇದು ಮೊದಲಿಗಿಂತ ದೊಡ್ಡ ವಿಷಯ, ಒಂದೇ ಬೆಟ್ಟದ ಬೆನ್ನಿನ ಮೇಲೆ ಎರಡು ವಂಶಗಳ ಗಡಿ, ಇನ್ನೊಂದು ಲೇಖನವೇ ಆಯಿತು ಎಂದು ಹೇಳುತ್ತಾ ಹೋದರು. ತಪ್ಪಾಯಿತು ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. ಅವರು ಬಟ್ಟಲನ್ನು ಅವಳತ್ತ ತಳ್ಳಿದರು.

"ಬೇಗ ಕಟ್ಟಿಬಿಡಿ ದೋನ್ಯಾ ಸೊಯ್ಲಾ. ಯಾವ್ದು ಯಾವ್ದರದ್ದು ಅಂತ..." ಅಲ್ಲಿಗೆ ಅವರ ಮಾತು ತಡವರಿಸಿತು. ಬರಿಗಾಲಿನ ಹತ್ತೊಂಬತ್ತು ಹಕ್ಕಿಗಳನ್ನು ನೋಡಿದರು. ಯಾವ ಹಕ್ಕಿ ಯಾವುದೆಂದು ಹೇಳುವ ಸಂಖ್ಯೆ ಇದ್ದದ್ದು ಚೀಟಿಯ ಮೇಲೆ ಮಾತ್ರ.

ಸೊಯ್ಲಾ ಒಂದು ಕಿಂದೆಯನ್ನು ಎತ್ತಿ ಹೊಟ್ಟೆಯ ಗರಿ ಸರಿಸಿ ಹೊಲಿಗೆ ನೋಡಿದಳು. ಬಟ್ಟಲಲ್ಲಿ ಬೆರಳಾಡಿಸಿ ಒಂದು ಚೀಟಿ ತೆಗೆದು ಅದರ ಪಕ್ಕ ಇಟ್ಟಳು. "ಇವಳ ಹೊಟ್ಟೇಲಿ ಮೊಟ್ಟೆ ಇತ್ತು. ಅದಕ್ಕೇ ಒಂದ್ ಹೊಲಿಗೆ ಜಾಸ್ತಿ." ಚೀಟಿಯಲ್ಲೂ ಹಾಗೇ ಬರೆದಿತ್ತು: ಹೆಣ್ಣು, ಮೊಟ್ಟೆಯೊಂದಿಗೆ.

"ಹದಿನೆಂಟು ಉಳಿದ್ವು," ಎಂದಳು. "ಅವೂ ನನಗೆ ಗೊತ್ತು. ಮೊದ್ಲು ಆ ಪತ್ರಿಕೆಗೆ ಬರೀರಿ, ತಪ್ಪು ನಿಮ್ದು ಅಂತ. ನನ್ ಹೆಸರು ಹಾಕಿ ಬರೀರಿ. ಅಜಾಗರೂಕತೆ ಅಂತ ಅಚ್ಚು ಹಾಕಿಸಿದ ಜಾಗದಲ್ಲೇ ಅದೂ ಅಚ್ಚಾಗ್ಲಿ. ಆಮೇಲೆ ಕಟ್ತೀನಿ."

ಡಾಕ್ಟರ್ ಬೆವರು ಒರೆಸಿಕೊಂಡರು. ಅಚ್ಚಾದದ್ದು ಅಚ್ಚಾಯಿತು, ಒಂದು ಸಾಲಿಗೆ ಇಷ್ಟು ದೊಡ್ಡದು ಮಾಡುವುದೇಕೆ, ಮುಂದಿನ ಲೇಖನದ ಕೊನೆಗೆ ಕೃತಜ್ಞತೆ ಹೇಳೋಣ ಎಂದರು. ಅಲ್ಲಿ ಹೆಸರು ಖಂಡಿತ ಇರುತ್ತದೆ ಎಂದರು.

ಸೊಯ್ಲಾ ಮೊಳೆಯಲ್ಲಿ ನೇತುಹಾಕಿದ್ದ ಶಾಲು ತೆಗೆದುಕೊಂಡಳು, ಟೋಪಿ ಇಟ್ಟುಕೊಂಡಳು.

"ನೋಡಿ, ತಿದ್ದುಪಡಿ ಅಂದ್ರೆ ಅದಕ್ಕೊಂದು ಕ್ರಮ ಇದೆ," ಡಾಕ್ಟರ್ ಹೇಳುತ್ತಲೇ ಇದ್ದರು, "ಮೊದ್ಲು ಸಂಪಾದಕರಿಗೆ ಬರೀಬೇಕು, ಅವರು ನನ್ ಜೊತೆ ಬರೆದೋರನ್ನ ಕೇಳ್ತಾರೆ, ಅವರೆಲ್ಲ ಒಪ್ಪಿದ್ ಮೇಲೆ..."

ಅವಳು ಅಷ್ಟರಲ್ಲಿ ಮೆಟ್ಟಿಲಿಳಿದು ಬೀದಿಗೆ ಹೋಗಿಯಾಗಿತ್ತು.