ನೀರಕ್ಕನ ನೂರಹತ್ತನೆಯ ಮಸುಕು

ಬೆಳಗಿನ ನಾಲ್ಕೂವರೆ. ಬೀದಿಯ ಒಂದು ಮನೆಯಲ್ಲೂ ದೀಪ ಹತ್ತಿಲ್ಲ. ರಸ್ತೆಯಂಚಿನಲ್ಲಿ ಹೂತ ಕಬ್ಬಿಣದ ಮುಚ್ಚಳವೊಂದರ ಮುಂದೆ ಐವತ್ತೆರಡು ವರ್ಷದ ಹೆಂಗಸೊಬ್ಬರು ನಿಂತಿದ್ದಾರೆ. ಗಂಡಸರ ಅಳತೆಯ ಖಾಕಿ ಅಂಗಿ, ರಬ್ಬರ್ ಚಪ್ಪಲಿ, ಹೆಗಲ ಮೇಲೆ ತಮ್ಮಷ್ಟೇ ಎತ್ತರದ ಕಬ್ಬಿಣದ ಕೀಲಿ. ಅವರು ಕೀಲಿಯನ್ನು ಇಳಿಸಿ ಮುಚ್ಚಳದ ಮೇಲೆ ಒಮ್ಮೆ ಕುಟ್ಟುತ್ತಾರೆ. ಠಣ್! ಮೂರು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ಮುಚ್ಚಳ ಎತ್ತಿ, ಗುಂಡಿಯೊಳಗಿನ ವಾಲ್ವಿಗೆ ಕೀಲಿ ಕೂರಿಸಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸುತ್ತಾರೆ. ನೆಲದಡಿಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದಾಗುತ್ತದೆ. ನೀರು ಹೊರಟಿತು.

ಊರಿಗೆಲ್ಲ ಇವರು ನೀರಕ್ಕ. ಒಂಬತ್ತು ಬೀದಿ, ಮೂವತ್ತೊಂದು ವಾಲ್ವು, ಆರುನೂರ ನಲವತ್ತು ಮನೆ. ಒಂದು ವಾಲ್ವು ಹನ್ನೊಂದು ಸುತ್ತಿಗೆ ತೆರೆದರೆ ಇನ್ನೊಂದು ಇಪ್ಪತ್ತೆರಡು ಸುತ್ತು ಕೇಳುತ್ತದೆ. ಎಲ್ಲವೂ ಬಾಯಿಪಾಠ. ಎಂಟು ಗಂಟೆಗೆ ಮತ್ತೆ ಅಷ್ಟೂ ಬೀದಿ ಸುತ್ತಿ ಅಷ್ಟೂ ಸುತ್ತು ಮುಚ್ಚಬೇಕು. ಒಂಬತ್ತು ಕಿಲೋ ಕೀಲಿ ಹೊತ್ತು ಹೊತ್ತು ಬಲ ಹೆಗಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಂಟು ಎದ್ದಿದೆ.

"ಇವರ ಠಣ್ ಕೇಳಿದ್ರೆ ಸಾಕು, ನಮ್ಮನೆಯವರು ಮಗ್ಗುಲು ಬದಲಾಯಿಸ್ತಾರೆ, ನಾನು ಎದ್ದು ಬಿಂದಿಗೆ ಹಿಡೀತೀನಿ," ಎಂದು ನಗುತ್ತಾರೆ ನಲ್ಲಿಯ ಮುಂದೆ ನಿಂತ ಗೃಹಿಣಿಯೊಬ್ಬರು. ನೀರು ಬಂತೆಂದು ಸಾರುವುದಕ್ಕೇ ನೀರಕ್ಕ ಕುಟ್ಟುತ್ತಾರೆ ಎಂದು ಬೀದಿಯವರ ನಂಬಿಕೆ.

"ತಿಳ್ಕೊಳ್ಲಿ ಬಿಡಿ," ಎನ್ನುತ್ತಾರೆ ನೀರಕ್ಕ, ಮುಂದಿನ ವಾಲ್ವಿನ ಕಡೆ ನಡೆಯುತ್ತ. "ಅದರಿಂದ ಅವರಿಗೂ ಅನುಕೂಲ, ನನಗೂ ಅನುಕೂಲ."

ನೀರಕ್ಕನಿಗೆ ಆಗುವ ಅನುಕೂಲ ಏನೆಂದು ತಿಳಿಯಬೇಕಾದರೆ ಅವರ ಹಿತ್ತಲಿಗೆ ಹೋಗಬೇಕು.

ಊರಿನ ದೊಡ್ಡ ನೀರಿನ ಟ್ಯಾಂಕಿನ ಬುಡದಲ್ಲಿ ಎರಡು ಕೋಣೆಯ ಮನೆ. ಅಪ್ಪ ಪಂಪ್‌ಹೌಸಿನ ಕಾವಲುಗಾರರಾಗಿದ್ದ ಕಾಲದಿಂದ ಅಕ್ಕ ತಂಗಿ ಇರುವುದು ಇಲ್ಲೇ. ಮುಂದಿನ ಕೋಣೆಯಲ್ಲಿ ತಂಗಿಯ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅಡುಗೆ, ಹಾಸಿಗೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಟ್ಯಾಂಕಿನ ಒಡಲು ಊರಿನ ಬೀದಿದೀಪಗಳನ್ನೆಲ್ಲ ಮರೆಮಾಡುವುದರಿಂದ ಇಲ್ಲಿನ ಕತ್ತಲೆ ಬಾವಿಯೊಳಗಿನ ಕತ್ತಲೆಯಂತಿದೆ. ಕೈ ಚಾಚಿದರೆ ಬೆರಳು ಕಾಣುವುದಿಲ್ಲ. ಎಲ್ಲೋ ಟ್ಯಾಂಕು ತೊಟ್ಟಿಕ್ಕುವ ಸದ್ದು ಮಾತ್ರ. ಆ ಕಲ್ಲಿನ ಪಕ್ಕದಲ್ಲಿ, ಹಳೆಯ ಬೆಡ್‌ಶೀಟು ಹೊದ್ದು, ಮೂರು ಕಾಲಿನ ಮೇಲೆ ಒಂದು ದುರ್ಬೀನು ನಿಂತಿದೆ.

ಆರು ವರ್ಷದ ಹಿಂದೆ ಗುಜರಿ ಅಂಗಡಿಯಲ್ಲಿ ಅದನ್ನು ಕಂಡಾಗ ನೀರಕ್ಕ ಪೈಪಿನ ತುಂಡು ಎಂದುಕೊಂಡಿದ್ದರು. "ಎಷ್ಟು ನೇರ ಇದೆ, ಒಂದು ತೂತಿಲ್ಲ, ಒಂದು ಕಡೆ ಮುಚ್ಚಳ ಬೇರೆ. ಹಿತ್ತಲ ನಲ್ಲಿಗೆ ಆಗುತ್ತೆ ಅಂತ ಕೇಳ್ದೆ. ಗುಜರಿಯವನು ಹೊಟ್ಟೆ ಹಿಡ್ಕೊಂಡು ನಕ್ಕ. 'ಅಕ್ಕೋ, ಇದ್ರಲ್ಲಿ ನೀರು ಬರಲ್ಲ, ಚಂದ್ರ ಬರ್ತಾನೆ' ಅಂದ."

ಕಲಿಯುವವರಿಗೆಂದು ಮಾಡಿದ ಅಗ್ಗದ ದುರ್ಬೀನು ಅದು. ಬುಡದಲ್ಲಿ ನಾಲ್ಕೂವರೆ ಇಂಚಿನ ಕನ್ನಡಿ. ನೀರಕ್ಕ ಆ ಕನ್ನಡಿಯನ್ನು ಬಿಚ್ಚಿ, ಬ್ಯಾಟರಿಗೆ ಹಾಕುವ ನೀರಿನಲ್ಲಿ ತೊಳೆದು, ಮತ್ತೆ ಕೂರಿಸಿದರು. ಚಂದ್ರ ಬಂದ. ಒಂದು ತಿಂಗಳಿಗೆ ಚಂದ್ರ ಸಾಕೆನಿಸಿದ. ಗ್ರಂಥಾಲಯದ ಮಕ್ಕಳ ಪುಸ್ತಕವೊಂದರಲ್ಲಿ ಆಕಾಶದ ಮಸುಕುಗಳ ಹಳೆಯ ಪಟ್ಟಿ ಸಿಕ್ಕಿತು. ನೂರ ಹತ್ತು ವಸ್ತುಗಳು. ಕೆಲವು ನಕ್ಷತ್ರಗಳ ಗೊಂಚಲು, ಕೆಲವು ಹೊಳೆಯುವ ಅನಿಲದ ಮೋಡ, ಕೆಲವು ನಮ್ಮ ಆಕಾಶಗಂಗೆಯಿಂದ ಆಚೆ, ಊಹೆಗೂ ನಿಲುಕದಷ್ಟು ದೂರದಲ್ಲಿರುವ ಬೇರೆ ಆಕಾಶಗಂಗೆಗಳು. ಈ ದುರ್ಬೀನಿನಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಬಾಯಿಂದ ಹೊರಟ ಆವಿಯಷ್ಟು ಮಾತ್ರ ಕಾಣುತ್ತವೆ. ತಂಗಿ ಪಟ್ಟಿಯನ್ನು ಒಂದು ನೋಟುಪುಸ್ತಕಕ್ಕೆ ಇಳಿಸಿಕೊಟ್ಟರು. ನೀರಕ್ಕ ದಿನವೂ ಎರಡೂವರೆಗೆ ಏಳುವುದನ್ನು ರೂಢಿ ಮಾಡಿಕೊಂಡರು.

ಕಲಿತದ್ದು ಎರಡೇ ಪಾಠ. ಎರಡನ್ನೂ ಕತ್ತಲೆಯೇ ಕಲಿಸಿತು.

"ಮಸುಕನ್ನ ನೇರ ನೋಡಬಾರದು. ದಿಟ್ಟಿಸಿದ್ರೆ ಮಾಯ. ಪಕ್ಕದ ನಕ್ಷತ್ರ ನೋಡ್ತಾ ಇರಬೇಕು, ಆಗ ಅದು ಓರೆಗಣ್ಣಿಗೆ ಮೆಲ್ಲಗೆ ಬರುತ್ತೆ. ಕಣ್ಣಿನ ಅಂಚಿಗೆ ಕತ್ತಲೇಲಿ ಚೆನ್ನಾಗಿ ಕಾಣುತ್ತೆ. ಇದು ಒಂದನೇದು," ಎಂದು ಬೆರಳು ಮಡಚುತ್ತಾರೆ. "ಎರಡನೇದು, ಬಂದಿದ್ದು ನಿಜಾನಾ ಅಂತ ನೋಡೋಕೆ ಕೊಳವೆಗೆ ಬೆರಳಲ್ಲಿ ತಟ್ಟಬೇಕು. ನಿಜವಾದದ್ದು ನಕ್ಷತ್ರಗಳ ಜೊತೆಗೇ ಅಲುಗುತ್ತೆ. ಕಣ್ಣಿನ ಭ್ರಮೆ ಇದ್ರೆ ಇದ್ದಲ್ಲೇ ಇರುತ್ತೆ."

ನಾಲ್ಕು ವರ್ಷದಲ್ಲಿ ನೂರ ಒಂಬತ್ತು ಮುಗಿದವು. ಉಳಿದದ್ದು ಪಟ್ಟಿಯಲ್ಲೇ ಅತಿ ಮಸುಕಾದದ್ದು. ಅನುಭವಸ್ಥರೂ ಅದನ್ನು ಭೂತ ಎಂದೇ ಕರೆಯುತ್ತಾರಂತೆ. ಎರಡು ವರ್ಷದ ಹಿಂದೆ ಒಂದು ರಾತ್ರಿ ಅದೂ ಕಂಡಿತು. ದುಂಡಗೆ, ಬೂದಿಬಣ್ಣದಲ್ಲಿ, ಕಣ್ಣೆದುರಿಗೇ. ನೇರ ನೋಡಿದರೂ ಮಾಯವಾಗಲಿಲ್ಲ. ಆ ಖುಷಿಯಲ್ಲಿ ನೀರಕ್ಕ ತಟ್ಟುವುದನ್ನು ಮರೆತರು. ತಂಗಿಯನ್ನು ಎಬ್ಬಿಸಿ ಪುಸ್ತಕದಲ್ಲಿ ಬರೆಸಿದರು, ಸಕ್ಕರೆ ಜಾಸ್ತಿ ಹಾಕಿ ಚಹಾ ಮಾಡಿದರು.

ಮರುದಿನ ರಾತ್ರಿ ಅದೇ ಮಸುಕು ಆಕಾಶದ ಬೇರೊಂದು ಮೂಲೆಯಲ್ಲಿತ್ತು. ಅದರ ಮರುದಿನ ಹಗಲು ಹೊತ್ತಿನಲ್ಲಿ ಅಡುಗೆಮನೆಯ ಗೋಡೆಯ ಮೇಲಿತ್ತು. ವಾರ ಕಳೆಯುವಷ್ಟರಲ್ಲಿ ಅದು ತಂಗಿಯ ಮುಖದ ಮೇಲೆ ಬಂದು ಕೂತಿತು.

"ಕಿವಿ ಇತ್ತು, ಕೂದಲಿತ್ತು, ಕುತ್ತಿಗೆ ಇತ್ತು. ಮುಖ ಇರಬೇಕಾದ ಕಡೆ ಏನೂ ಇರ್ಲಿಲ್ಲ. ಆ ಏನೂ ಇಲ್ಲದ್ದು ನನ್ನನ್ನ 'ಅಕ್ಕ, ಊಟಕ್ಕೆ ಬಾ' ಅಂತ ಕರೀತು," ಎಂದು ನೀರಕ್ಕ ತಣ್ಣಗೆ ಹೇಳುತ್ತಾರೆ.

ಹೊಲಿಗೆ ಯಂತ್ರದ ಹಿಂದಿನಿಂದ ತಂಗಿ ಸೇರಿಸುತ್ತಾರೆ: "ಮೊದಮೊದಲು ನನಗೆ ಗೊತ್ತೇ ಆಗ್ಲಿಲ್ಲ. ಯಾಕೆ ನನ್ನ ಕಿವಿ ನೋಡ್ತಾ ಮಾತಾಡ್ತೀಯ, ಓಲೆ ಹಳೇದೇ ಕಣೇ ಅಂತ ರೇಗಿಸ್ತಿದ್ದೆ."

ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದರು. ಎಡಗಣ್ಣಿನದು ಆಗಲೇ ಹೋಗಿದೆ, ಬಲಗಣ್ಣಿನದು ಹೋಗುತ್ತಿದೆ. ಅಂಚು ಮಾತ್ರ ಚೆನ್ನಾಗಿದೆ, ಆದರೆ ಅದು ಎಷ್ಟು ದಿನ ಎಂದು ಹೇಳಲಾಗದು. ಅಲ್ಲಿಯ ತನಕ ಮನೆಮನೆಯ ನೀರಿನ ಮೀಟರ್ ಓದುವ ಕೆಲಸದಲ್ಲಿದ್ದ ನೀರಕ್ಕ ತಾವಾಗಿ ಎಂಜಿನಿಯರ್ ಹತ್ತಿರ ಹೋಗಿ, ಅಂಕಿ ಕಾಣುತ್ತಿಲ್ಲ, ವಾಲ್ವು ತಿರುಗಿಸುವ ಕೆಲಸಕ್ಕೆ ಹಾಕಿ ಎಂದು ಕೇಳಿದರು. ಕೀಲಿಗೆ ಕಣ್ಣು ಬೇಡ, ಕೈ ಮತ್ತು ಕಿವಿ ಸಾಕು. ಒಂದು ತಿಂಗಳು ಜೊತೆಗೊಬ್ಬರನ್ನು ಕಳಿಸಿ, ಪರೀಕ್ಷಿಸಿ, ಎಂಜಿನಿಯರ್ ಒಪ್ಪಿದರು.

ಮನೆಗೆ ಬಂದು ನೀರಕ್ಕ ಮಾಡಿಸಿದ ಮೊದಲ ಕೆಲಸ, ಪುಸ್ತಕದ ನೂರ ಹತ್ತನೆಯ ಸಾಲು ಹೊಡೆದುಹಾಕಿಸಿದ್ದು.

"ಇರ್ಲಿ ಬಿಡಕ್ಕ, ಯಾರು ಬಂದು ಕೇಳ್ತಾರೆ ಅಂದೆ ನಾನು," ಎನ್ನುತ್ತಾರೆ ತಂಗಿ.

"ನಾನೇ ಕೇಳ್ತೀನಲ್ಲ!" ಎಂದು ನೀರಕ್ಕ ಒಳಗಿನಿಂದ ಕೂಗುತ್ತಾರೆ. "ಒಂದು ಸುಳ್ಳು ಸೇರಿದ್ರೆ ಉಳಿದ ನೂರ ಒಂಬತ್ತನ್ನ ನಂಬೋದು ಹೇಗೆ?"

ಆಮೇಲೆ ಶುರುವಾದದ್ದನ್ನು ಅವರು ಬಹಳ ದಿನ ತಂಗಿಗೂ ಹೇಳಿರಲಿಲ್ಲ. ಒಂಬತ್ತನೆಯ ವಾಲ್ವು ಒಂದು ತಿರುವಿನಲ್ಲಿದೆ. ಬಾಗಿಲು ಮುಚ್ಚಿ ವರ್ಷಗಳಾದ ಗಡಿಯಾರ ರಿಪೇರಿ ಅಂಗಡಿಯ ಮುಂದೆ. ಒಂದು ಬೆಳಗಿನ ಜಾವ ಅಲ್ಲೊಬ್ಬ ಮನುಷ್ಯ ನಿಂತಿದ್ದ. ಬೂದು ಕೋಟು, ಕೈಯಲ್ಲಿ ಮಡಚಿದ ಕೊಡೆ.

"ಕೋಟಿನ ಗುಂಡಿ ಎಣಿಸಿದೆ. ಐದು. ಮೇಲಿಂದ ಎರಡನೇದರ ದಾರ ಸಡಿಲ ಆಗಿತ್ತು. ನಿಜವಾದ ಮನುಷ್ಯರ ಮೂಗೇ ನನಗೆ ಕಾಣಲ್ಲ, ಇವನ ಗುಂಡಿಯ ದಾರ ಕಾಣ್ತಿದೆಯಲ್ಲ ಅಂತ ಹೊಳೆದ ಕೂಡ್ಲೇ ಕೀಲಿ ಗಟ್ಟಿಯಾಗಿ ಹಿಡ್ಕೊಂಡೆ."

ಕಣ್ಣು ಪಕ್ಕಕ್ಕೆ ತಿರುಗಿಸಿದರೆ ಅವನಿಲ್ಲ. ನೇರ ನೋಡಿದರೆ ಮತ್ತೆ ಹಾಜರು.

ನಡುವೆ ಖಾಲಿ ಬಿದ್ದ ಜಾಗವನ್ನು ಮೆದುಳು ತನಗೆ ತೋಚಿದ್ದರಿಂದ ತುಂಬುತ್ತದೆ, ಇಂಥ ಕಣ್ಣಿನವರಲ್ಲಿ ಹಲವರಿಗೆ ಹೀಗಾಗುತ್ತದೆ, ತಲೆ ಕೆಟ್ಟಿಲ್ಲ ಎಂದು ಡಾಕ್ಟರಮ್ಮ ಧೈರ್ಯ ಹೇಳಿದರು. ಧೈರ್ಯ ಬಂತು, ಆದರೆ ಕೋಟಿನವನು ಹೋಗಲಿಲ್ಲ. ಅವನ ಜೊತೆಗೆ ಬೇರೆ ಬೀದಿಗಳಲ್ಲಿ ಬೇರೆಯವರೂ ಬಂದರು. ಬೆನ್ನು ಹಾಕಿ ಕೂತ ಮುದುಕಿ, ಹಗ್ಗ ಸುತ್ತುತ್ತಲೇ ಇರುವ ಹುಡುಗಿ. ಯಾರೂ ಮಾತಾಡುವುದಿಲ್ಲ. ಯಾರ ಹೆಜ್ಜೆಗೂ ಸದ್ದಿಲ್ಲ.

"ಆಕಾಶದಲ್ಲಿ ನಿಜವಾದದ್ದು ಓರೆಗೆ ಕಾಣುತ್ತೆ. ಬೀದೀಲಿ ಸುಳ್ಳು ನೇರ ಕಾಣುತ್ತೆ. ಅಷ್ಟು ಲೆಕ್ಕ ಇಟ್ಕೊಂಡ್ರೆ ಆಯ್ತು ಅಂದ್ಕೊಂಡೆ," ಎನ್ನುತ್ತಾರೆ ನೀರಕ್ಕ.

ಲೆಕ್ಕ ಒಂದು ದಿನ ತಪ್ಪಿತು. ಮುಂಜಾವಿನ ಮಂಜಿನಲ್ಲಿ ಸೈಕಲ್ ಹಿಡಿದು ನಿಂತವನೊಬ್ಬನನ್ನು ಇವನೂ ಅವರ ಪೈಕಿಯೇ ಎಂದುಕೊಂಡು ನೀರಕ್ಕ ಸೀದಾ ಅವನ ಮೈಮೇಲೆಯೇ ನಡೆದರು. ಕೀಲಿ ತಾಗಿ ಎರಡು ಕ್ಯಾನು ಹಾಲು ರಸ್ತೆಗೆ ಚೆಲ್ಲಿತು.

"ಏನಕ್ಕಾ, ನಾನೇನು ದೆವ್ವಾನಾ?" ಎಂದು ಹಾಲಿನವನು ಚೀರಿದ.

"ಅದೇ ಗೊತ್ತಾಗ್ಲಿಲ್ಲ ಕಣಪ್ಪ," ಎಂದರಂತೆ ನೀರಕ್ಕ.

ಅಂದಿನಿಂದ ಅವರು ಹಿತ್ತಲಿನ ಎರಡನೆಯ ಪಾಠವನ್ನು ಬೀದಿಗೂ ತಂದರು. ಪ್ರತಿ ವಾಲ್ವಿನ ಮುಂದೆಯೂ ಕೀಲಿಯಿಂದ ಒಮ್ಮೆ ಕುಟ್ಟುತ್ತಾರೆ. ಇರುವ ಮನುಷ್ಯ ಬೆಚ್ಚುತ್ತಾನೆ, ತಿರುಗುತ್ತಾನೆ, ಕಡೇ ಪಕ್ಷ ಬೈಯುತ್ತಾನೆ. ಇಲ್ಲದವನು ಇದ್ದ ಹಾಗೇ ಇರುತ್ತಾನೆ. ಬೀದಿಯನ್ನೆಲ್ಲ ಎಬ್ಬಿಸುವ ಠಣ್ ಸದ್ದಿನ ಗುಟ್ಟು ಇಷ್ಟೇ.

ಉಳಿದಿರುವುದು ನೂರ ಹತ್ತನೆಯದು. ಈಗ ಅದು ಸೂರ್ಯೋದಯಕ್ಕೆ ಮುಂಚೆ ನೆತ್ತಿಗೆ ಬರುವ ಕಾಲ. ಚಂದ್ರನಿಲ್ಲದ ಮೂರು ರಾತ್ರಿ ಕೈಯಲ್ಲಿವೆ. ಮುಂದಿನ ವರ್ಷಕ್ಕೆ ಬಲಗಣ್ಣಿನ ಅಂಚು ಉಳಿದಿರುತ್ತದೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ಮೊದಲ ರಾತ್ರಿ ಮೋಡ ಕವಿಯುತ್ತದೆ. ಎರಡನೆಯ ರಾತ್ರಿ ಕನ್ನಡಿಯ ಮೇಲೆ ಇಬ್ಬನಿ ಕೂತು ಎಲ್ಲವೂ ಹಾಲಿನಂತೆ ಮಸುಕಾಗುತ್ತದೆ. ಮೂರನೆಯ ರಾತ್ರಿ ಆಕಾಶ ತೊಳೆದಿಟ್ಟಂತಿದೆ. ನೀರಕ್ಕ ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು ಒಗೆಯುವ ಕಲ್ಲಿನ ಮೇಲೆ ಕೂರುತ್ತಾರೆ. ಗುರುತಿನ ನಕ್ಷತ್ರವನ್ನು ತಂಗಿ ಹಿಡಿದುಕೊಡುತ್ತಾರೆ. ಅಲ್ಲಿಂದ ಮುಂದೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೊಳವೆ ಸರಿಸುವುದು ನೀರಕ್ಕನ ಬೆರಳು.

ಇಪ್ಪತ್ತು ನಿಮಿಷ ಹೀಗೇ ಹುಡುಕಾಟ. ಟ್ಯಾಂಕು ತೊಟ್ಟಿಕ್ಕುತ್ತದೆ.

"ಬಂದಿದ್ದಾನೆ," ಎಂದು ಬಟ್ಟೆಯೊಳಗಿನಿಂದ ಪಿಸುಮಾತು.

"ಯಾರು?"

"ಐದು ಗುಂಡಿಯವನು."

ತಂಗಿ ಕೊಳವೆಯ ಕಡೆ ಬಾಗುತ್ತಾರೆ. "ದುರ್ಬೀನಿನ ಒಳಗಾ?"

"ಹೂಂ. ನಕ್ಷತ್ರದ ಪಕ್ಕ ನಿಂತಿದ್ದಾನೆ. ಇರುವೆಯಷ್ಟಿದ್ದಾನೆ. ಕೊಡೆ ಇದೆ."

"ಅಕ್ಕ, ಸಾಕು ಎದ್ದೇಳು."

"ಸುಮ್ನಿರೇ. ಅವನು ಇರೋ ಕಡೆ ಅದು ಇರಲ್ಲ. ಅಷ್ಟು ಗೊತ್ತಾಯ್ತಲ್ಲ."

ಬೆರಳು ಕೊಳವೆಗೆ ತಟ್ಟುತ್ತದೆ. ನಕ್ಷತ್ರಗಳೆಲ್ಲ ನಡುಗುತ್ತವೆ, ಕೊಡೆ ಹಿಡಿದವನು ನಡುಗುವುದಿಲ್ಲ. ನೀರಕ್ಕ ಕಣ್ಣನ್ನು ಮೆಲ್ಲಗೆ ಅಂಚಿಗೆ ಸರಿಸುತ್ತಾರೆ. ಅವನು ಹೋಗುತ್ತಾನೆ. ಕತ್ತಲೆ ಉಳಿಯುತ್ತದೆ. ಆ ಕತ್ತಲೆಯ ಒಂದು ಕಡೆ, ಯಾರೋ ಗಾಜಿನ ಮೇಲೆ ಉಸಿರು ಬಿಟ್ಟು ಹೋದಂತೆ, ಒಂದು ದುಂಡು ಮಸುಕು. ಇದೆಯೋ ಇಲ್ಲವೋ ಎನ್ನುವಷ್ಟು. ಅವರು ಉಸಿರು ಹಿಡಿದು ಮತ್ತೆ ತಟ್ಟುತ್ತಾರೆ.

ನಕ್ಷತ್ರಗಳು ಅಲುಗುತ್ತವೆ. ಅವುಗಳ ಜೊತೆಗೆ ಮಸುಕೂ ಅಲುಗುತ್ತದೆ.

ಇನ್ನೊಮ್ಮೆ. ಅಲುಗುತ್ತದೆ.

"ನೀನು ಬಾ," ಎಂದು ನೀರಕ್ಕ ಏಳುತ್ತಾರೆ. ತಂಗಿ ಕೂತು, ಕಣ್ಣಿಟ್ಟು, ಏನೂ ಇಲ್ಲವಲ್ಲ ಎನ್ನುತ್ತಾರೆ. "ನೇರ ನೋಡ್ಬೇಡ ಕಣೇ! ಅಂಚಿನ ನಕ್ಷತ್ರ ನೋಡು. ಈಗ ತಟ್ಟು."

ತಂಗಿ ಎರಡು ಸಲ ತಟ್ಟುತ್ತಾರೆ. ಆಮೇಲೆ, "ಅಯ್ಯೋ, ಇದೆ ಕಣೇ! ಅಲ್ಲಾಡ್ತು!"

ನೀರಕ್ಕ ಕತ್ತಲೆಯಲ್ಲೇ ಕೈ ಚಾಚಿ ತಂಗಿಯ ಮುಖವನ್ನು ಮುಟ್ಟಿ ನೋಡುತ್ತಾರೆ. ಕೆನ್ನೆ ಒದ್ದೆಯಾಗಿದೆ. ತಂಗಿ ಕೆಂಪು ಕಾಗದ ಸುತ್ತಿದ ಟಾರ್ಚಿನ ಬೆಳಕಿನಲ್ಲಿ, ಹೊಡೆದುಹಾಕಿದ ಹಳೆಯ ಸಾಲಿನ ಕೆಳಗೆ ಬರೆಯುತ್ತಾರೆ: ಮೂರು ಮೂವತ್ತೆಂಟು. ಕಂಡಿತು. ಇಬ್ಬರೂ ತಟ್ಟಿದೆವು. ಅಲುಗಿತು.

ಮುಕ್ಕಾಲು ಗಂಟೆಯಲ್ಲಿ ಖಾಕಿ ಅಂಗಿ, ಕೀಲಿ, ರಸ್ತೆ. ಒಂದರಿಂದ ಎಂಟನೆಯ ವಾಲ್ವಿನ ತನಕ ಬೀದಿ ಎಂದಿನಂತೆ ಏಳುತ್ತದೆ. ಒಂಬತ್ತನೆಯ ವಾಲ್ವಿನ ತಿರುವಿನಲ್ಲಿ ಗಡಿಯಾರದ ಅಂಗಡಿಯ ಬಾಗಿಲಿನ ಮುಂದೆ ನಮ್ಮ ಕಣ್ಣಿಗೆ ಯಾರೂ ಇಲ್ಲ. ನೀರಕ್ಕ ಅಲ್ಲಿಯೇ ನೇರ ನೋಡುತ್ತ ನಿಲ್ಲುತ್ತಾರೆ. ಕೀಲಿ ಕುಟ್ಟುತ್ತಾರೆ. ಠಣ್! ಮೂರು ಎಣಿಸುತ್ತಾರೆ.

"ತಿರುಗಲ್ಲ ಅಂತಾನೆ," ಎಂದು ನಕ್ಕು, ಖಾಲಿ ಬಾಗಿಲಿನ ಕಡೆ ದನಿ ಇಳಿಸಿ, "ಸಿಕ್ತು ಕಣಯ್ಯ. ನಿನ್ನ ಪಕ್ಕದಲ್ಲೇ ಇತ್ತು," ಎನ್ನುತ್ತಾರೆ.

ಆಮೇಲೆ ಮುಚ್ಚಳ ಎತ್ತಿ ಕೀಲಿ ಕೂರಿಸುತ್ತಾರೆ. ಇದು ಇಪ್ಪತ್ತೆರಡು ಸುತ್ತಿನ ವಾಲ್ವು. ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ, ಸುತ್ತು ಎಣಿಸುವುದು ತಪ್ಪದಂತೆ ನಡುನಡುವೆ ನಿಲ್ಲಿಸಿ ಉತ್ತರ ಕೊಡುತ್ತಾರೆ.

"ದೊಡ್ಡದಾಗಿ ಏನೂ ಬೇಡ. ಹನ್ನೆರಡು... ಹದಿಮೂರು... ನೂರ ಹತ್ತೂ ತಟ್ಟಿ ನೋಡಿದ್ದು ಅಂತ ಬರೀರಿ. ಅಷ್ಟು ಸಾಕು."