ಯಾವ ಆಗಮದಲ್ಲೂ ಇಲ್ಲದ ನಿಯಮ

ಎಡಗೈಗೆ ಶಸ್ತ್ರ ಸೋಕಿದರೆ ಆ ಕೈ ಮತ್ತೆ ಇಷ್ಟಲಿಂಗಕ್ಕೆ ಪೀಠವಾಗಲಾರದು ಎಂಬ ನಿಯಮ ಯಾವ ಆಗಮದಲ್ಲಿಯೂ ಇಲ್ಲ. ಅದನ್ನು ಹುಟ್ಟಿಸಿದವನು ನಾನು. ಅದಕ್ಕೆ ಆಧಾರವೆಂದು ಹೇಳಿದ ಸಂಸ್ಕೃತ ಶ್ಲೋಕವನ್ನು ಕಟ್ಟಿದವನೂ ನಾನೇ — ನನ್ನ ಮನೆಯ ನಡುಮನೆಯಲ್ಲಿ, ಚಹಾ ಲೋಟ ಕೈಯಲ್ಲಿ ಹಿಡಿದು, ಅದು ಆರುವುದರೊಳಗೆ.

ಇದನ್ನು ಅಚ್ಚಿನಲ್ಲಿ ಹೇಳಬೇಕಾಗಿ ಬಂದಿರುವುದು ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ. ಸುಳ್ಳು ಹೇಳಿದ ದಿನ ಯಾವ ಆಗಮ, ಅದರ ಯಾವ ಪಟಲ ಎಂದು ಒಬ್ಬರೂ ಕೇಳಲಿಲ್ಲ. ನಿಜ ಹೇಳಹೊರಟ ದಿನದಿಂದ ಎಲ್ಲರೂ ನನಗೇ ಪಾಠ ಹೇಳುತ್ತಿದ್ದಾರೆ. ನಾನು ಕಟ್ಟಿದ ಶ್ಲೋಕವನ್ನು ನನಗೇ ಒಪ್ಪಿಸಿ, "ಅಯ್ಯಗೆ ವಯಸ್ಸಾಯಿತು, ಮರೆತುಹೋಗಿದೆ" ಎಂದು ಮರುಗುತ್ತಾರೆ. ಈ ಮರುಕವನ್ನು ಸಹಿಸುವುದು ಬೈಗುಳವನ್ನು ಸಹಿಸುವುದಕ್ಕಿಂತ ಕಷ್ಟ.

ನಮ್ಮದು ಕೂನೂರಿನ ಕಡೆ, ಹುಬ್ಬತಲೈಗೆ ಆಚೆಯ ಒಂದು ಹಟ್ಟಿ. ತಲೆಮಾರುಗಳಿಂದ ಇಲ್ಲಿರುವ ವೀರಶೈವ ಮನೆತನ. ಅಜ್ಜಂದಿರು ಆಲೂಗಡ್ಡೆ ಬೆಳೆದ ಇಳಿಜಾರಿನಲ್ಲಿ ಈಗ ಚಹಾ ಗಿಡಗಳಿವೆ. ಚಿಕ್ಕಂದಿನಲ್ಲಿ ನನ್ನನ್ನು ಮೈಸೂರು ಸೀಮೆಯ ಒಂದು ಮಠಕ್ಕೆ ಓದಲು ಕಳುಹಿಸಿದ್ದರು. ಮನೆಯಲ್ಲಿ ಬಡಗ ಮಾತು, ಪೇಟೆಯಲ್ಲಿ ತಮಿಳು, ಪೂಜೆಯಲ್ಲಿ ಸಂಸ್ಕೃತ — ಈ ಮೂರನೆಯದು ಹಟ್ಟಿಯಲ್ಲಿ ನನಗೊಬ್ಬನಿಗೇ ಬರುತ್ತಿತ್ತು. ಅದರಲ್ಲಿ ಎಷ್ಟು ಅಪಾಯವಿದೆಯೆಂದು ಗುರುಗಳು ಎಚ್ಚರಿಸಿರಲಿಲ್ಲ. ಅಥವಾ ಎಚ್ಚರಿಸಿದ್ದರೋ, ನಾನೇ ಕೇಳಿಸಿಕೊಳ್ಳಲಿಲ್ಲವೋ...

ನಾನು ಅನ್ಯಾಯ ಮಾಡಿದ್ದು ಸುಗುಣಳಿಗೆ. ನನ್ನ ತಮ್ಮನ ಮಗಳು. ತಮ್ಮ ಹೋದ ಮೇಲೆ ತಾಯಿ ನೀಲಮ್ಮನೊಡನೆ ನಮ್ಮ ಪಕ್ಕದ ಮನೆಯಲ್ಲಿಯೇ ಇದ್ದಾಳೆ. ಪೇಟೆಯ ಪ್ರಾಥಮಿಕ ಶಾಲೆಯಲ್ಲಿ ಟೀಚರು, ಮದುವೆಯಾಗಲಿಲ್ಲ. ನಲವತ್ತರ ಹತ್ತಿರಕ್ಕೆ ಬರುವಾಗ ಮೈ ವಿಪರೀತ ಬೆಳೆದಿತ್ತು. ಸಕ್ಕರೆ ಕಾಯಿಲೆ ಬಂತು, ಮೊಣಕಾಲು ಸೋತಿತು. ವೈದ್ಯರು ಗದರಿಸಿದ ಮೇಲೆ ಒಂದು ದಿನ ಅನ್ನ ಬಿಟ್ಟಳು. ಬಸ್ಸು ಬಿಟ್ಟು ಚಹಾ ತೋಟದ ಕಾಲುದಾರಿಯಲ್ಲಿ ನಡೆದು ಶಾಲೆಗೆ ಹೋಗತೊಡಗಿದಳು. ಮಂಜಿರಲಿ, ಮಳೆಯಿರಲಿ, ನಡೆದಳು. ಎರಡು ವರ್ಷದಲ್ಲಿ ಅರ್ಧಕ್ಕರ್ಧ ಇಳಿದಳು. ಅಂಥ ತಪಸ್ಸನ್ನು ನಾನು ಮಠದಲ್ಲಿಯೂ ಕಂಡಿರಲಿಲ್ಲ.

ಮೈ ಕರಗಿತು, ಮೈಯ ಹೊದಿಕೆ ಕರಗಲಿಲ್ಲ. ಹೊಟ್ಟೆಯ ಮೇಲಿನದನ್ನು ಸೀರೆ ಮುಚ್ಚಿತು. ಆದರೆ ಮೇಲ್ದೋಳಿನ ಚರ್ಮ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಹಲಗೆಯ ಮೇಲೆ ಬರೆಯಲು ಕೈಯೆತ್ತಿದರೆ ಅದೂ ಅಲುಗಾಡುತ್ತಿತ್ತು. ಮಗುವೊಂದು ತರಗತಿಯಲ್ಲಿ ಕೂಗಿತಂತೆ — "ಟೀಚರ್ ಕೈಯಿಲ ಇನ್ನೊರು ಕೈ ತೊಂಗುದು!" ಟೀಚರ್ ಕೈಯಿಂದ ಇನ್ನೊಂದು ಕೈ ನೇತಾಡುತ್ತಿದೆ ಎಂದು. ಅದನ್ನು ಸುಗುಣಳೇ ನಮಗೆ ನಕ್ಕುಕೊಂಡು ಹೇಳಿದಳು. ಆಮೇಲೆ ಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದಳು, ಅದನ್ನು ಹೇಳಲಿಲ್ಲ.

ನಗೆಯನ್ನಾದರೂ ಸಹಿಸಬಹುದು. ಮಡಿಕೆಯ ಒಳಗೆ ಬೆವರು ನಿಂತು, ಚರ್ಮ ಉಜ್ಜಿ ಕೆಂಪಾಗಿ, ಮಳೆಗಾಲ ಬಂತೆಂದರೆ ಹುಣ್ಣಾಗುತ್ತಿತ್ತು. ಹಟ್ಟಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಮದ್ದು ಗೊತ್ತು. ಎಣ್ಣೆ ಹಚ್ಚು, ಕೊಡ ಎತ್ತು. ನಾನು ಪ್ರಾಣಾಯಾಮ ಹೇಳಿಕೊಟ್ಟೆ — ತೋಳಿನ ಚರ್ಮಕ್ಕೆ ಪ್ರಾಣಾಯಾಮ! ಅವಳು ಅದನ್ನೂ ಮಾಡಿದಳು.

ಕೊನೆಗೆ ಕೊಯಮತ್ತೂರಿನ ಒಂದು ಆಸ್ಪತ್ರೆಗೆ ಹೊರಟಳು. ಹಿರಿಯರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕರೆದೊಯ್ದಳು. ಘಾಟಿಯ ತಿರುವುಗಳನ್ನಿಳಿದು, ಕೆಳಗಿನ ಸೆಖೆಯಲ್ಲಿ ಬೆಂದು, ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕುಳಿತು ನನಗೆ ಆಗಲೇ ರೇಗಿತ್ತು. ವೈದ್ಯೆ ಮಾತ್ರ ಸಮಾಧಾನದ ಹೆಂಗಸು. ತಮಿಳಿನಲ್ಲಿ ಒಂದೊಂದನ್ನೂ ಬಿಡಿಸಿ ಹೇಳಿದರು. ವ್ಯಾಯಾಮದಿಂದ ಒಳಗಿನ ಸ್ನಾಯು ಗಟ್ಟಿಯಾದೀತು, ಸಡಿಲವಾದ ಚರ್ಮ ಕುಗ್ಗದು. ಕೊಬ್ಬನ್ನು ಹೀರಿ ತೆಗೆಯುವ ವಿಧಾನವೊಂದಿದೆ. ಕೊಬ್ಬು ಉಳಿದಿದ್ದು ಚರ್ಮಕ್ಕೆ ಬಿಗಿಯಿದ್ದವರಿಗೆ ಅದು ಸಾಕು, ಇವಳಿಗೆ ಸಾಲದು. ಕಂಕುಳಲ್ಲಿಯೇ ಸಣ್ಣದಾಗಿ ಕೊಯ್ದು ಹೊಲಿಯುವುದು ಇನ್ನೊಂದು. ಸ್ವಲ್ಪವೇ ಜೋತಿದ್ದರೆ ಮಾತ್ರ. ಸುಗುಣಳಂಥವರಿಗೆ ಕಂಕುಳಿಂದ ಮೊಣಕೈವರೆಗೆ, ತೋಳಿನ ಒಳಬದಿಯಲ್ಲಿ ಉದ್ದಕ್ಕೂ ಕೊಯ್ದು, ಹೆಚ್ಚಿನ ಚರ್ಮ ತೆಗೆದು ಹೊಲಿಯಬೇಕು. ಪಕ್ಕೆಯವರೆಗೂ ಸಡಿಲವಿದ್ದವರಿಗೆ ಕೊಯ್ತ ಅಲ್ಲಿಗೂ ಇಳಿಯುತ್ತದೆ. ಇವಳಿಗೆ ಅದು ಬೇಡ.

ಅವರು ಏನನ್ನೂ ಮುಚ್ಚಿಡಲಿಲ್ಲ. ಗಾಯದ ಗೆರೆ ಕಾಲಾಂತರದಲ್ಲಿ ಮಾಸೀತು, ಅಳಿಯದು. ನೀರು ತುಂಬಬಹುದು, ಕೆಲವೆಡೆ ಜೋಮು ಉಳಿಯಬಹುದು, ಹೊಲಿಗೆ ಮಾಯುವುದು ತಡವಾಗಬಹುದು. ಸಕ್ಕರೆ ಹತೋಟಿಯಲ್ಲಿರಬೇಕು, ತೂಕ ಕೆಲವು ತಿಂಗಳಾದರೂ ಒಂದೇ ಸಮನೆ ನಿಂತಿರಬೇಕು. ಕೆಲವು ವಾರ ಬಿಗಿಯಾದ ತೋಳುಪಟ್ಟಿ. ಅಷ್ಟು ದಿನ ಭಾರ ಎತ್ತುವಂತಿಲ್ಲ, ಕೈಯನ್ನು ಹೆಗಲಿಗಿಂತ ಮೇಲೆ ಎತ್ತುವಂತಿಲ್ಲ.

ಆಗ ಸುಗುಣ ಕೇಳಿದ್ದು ಒಂದೇ ಪ್ರಶ್ನೆ. ನಮ್ಮಲ್ಲಿ ಕೊರಳಲ್ಲಿ ಧರಿಸಿದ ಲಿಂಗವನ್ನು ಪೂಜೆಯ ಹೊತ್ತಿಗೆ ಎಡ ಅಂಗೈಯಲ್ಲಿಟ್ಟು, ಎದೆಯ ಮುಂದೆ ಹಿಡಿದು, ದೃಷ್ಟಿ ನೆಟ್ಟು ಕೂರುತ್ತೇವೆ. ಅದನ್ನು ಮಾಡಬಹುದೇ ಎಂದು ಕೇಳಿದಳು. ವೈದ್ಯೆ ತಮ್ಮದೇ ಕೈ ಚಾಚಿ, "ಇಷ್ಟೇ ಎತ್ತರ ತಾನೇ? ಮೊದಲ ಕೆಲವು ದಿನ ಕೆಳಗೊಂದು ದಿಂಬು ಇಟ್ಟುಕೊಳ್ಳಮ್ಮಾ. ದೇವರಿಗೆ ಏನೂ ಅಡ್ಡಿಯಿಲ್ಲ" ಎಂದು ನಕ್ಕರು.

ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಕೇಳಿಸಿಕೊಂಡೆ.

ಮರುದಿನ ನಮ್ಮ ನಡುಮನೆಯಲ್ಲಿ ಮಾತು ಬಂತು. ನೀಲಮ್ಮ ಆಗಲೇ ಕಿಡಿಯಾಗಿದ್ದಳು. "ಎಮ್ಮ ಮಲೆಯ ಚಳಿಗೆ ಸ್ವೆಟರ್ ಕಳಚೋರು ಆರು? ಇವಳ ತೋಳ ನೋಡೋರು ಆರು? ಟೈಲರು ರವಿಕೆ ತೋಳು ಹಿಡಿಸೋ ಹಾಗೆ ಡಾಕ್ಟರು ಇವಳ ತೋಳ ಹಿಡಿಸುವರಂತೆ!"

"ಅಮ್ಮಾ, ನಿನ್ನ ಬಾಯಿಗೂ ಅಲ್ಲೇ ಎರಡು ಹೊಲಿಗೆ ಹಾಕಿಸಲಾ?" ಎಂದಳು ಸುಗುಣ. ಆಮೇಲೆ ನನ್ನ ಕಡೆ ತಿರುಗಿದಳು. "ದೊಡ್ಡಪ್ಪಾ, ನಿಂಗ ಹೇಳಿ. ನಿಂಗ ಸರಿ ಎಂದರೆ ಮಾಡಿಸುವೆ. ಇಲ್ಲೆ ಎಂದರೆ ಇಲ್ಲೆ."

ಅವಳು ತೂಕ ಇಳಿಸಿದ್ದು ನನ್ನನ್ನು ಕೇಳಿಯಲ್ಲ. ನಡೆಯತೊಡಗಿದ್ದು, ಅನ್ನ ಬಿಟ್ಟದ್ದು, ಪೇಟೆಯಲ್ಲಿ ಒಬ್ಬಳೇ ಎಲ್ಲೆಂದರಲ್ಲಿ ಓಡಾಡತೊಡಗಿದ್ದು — ಯಾವುದಕ್ಕೂ ನನ್ನ ಅಪ್ಪಣೆ ಬೇಕಾಗಿರಲಿಲ್ಲ. ಬಹಳ ದಿನಗಳ ಮೇಲೆ ಒಂದನ್ನು ನನ್ನ ಮುಂದೆ ತಂದಿಟ್ಟು, ಕೈಕಟ್ಟಿ ನಿಂತಿದ್ದಾಳೆ. ಆಗ ನನ್ನೊಳಗೆ ಎದ್ದದ್ದು ಧರ್ಮವಲ್ಲ. ಅದು... ಇಲ್ಲ, ಅದಕ್ಕೆ ದೊಡ್ಡ ಹೆಸರು ಬೇಡ. ಬೇಡವೆನ್ನುವುದು ನನಗೆ ಹಿತವಾಗಿತ್ತು, ಅಷ್ಟೇ.

ಬರಿದೇ ಬೇಡವೆಂದಿದ್ದರೆ ಅವಳು ವಾದಿಸುತ್ತಿದ್ದಳು. ಆದ್ದರಿಂದ ಲೋಟ ಕೆಳಗಿಡದೆ, ಕಣ್ಣು ಅರೆಮುಚ್ಚಿ, ಛಂದಸ್ಸು ತಪ್ಪದಂತೆ ಎರಡು ಸಾಲು ಹೇಳಿದೆ. ಅರ್ಥವನ್ನೂ ಬಿಡಿಸಿದೆ: ಲಿಂಗಕ್ಕೆ ಪೀಠವಾದ ಕೈ ಶಸ್ತ್ರಕ್ಕೆ ತುತ್ತಾದರೆ ಮತ್ತೆ ಪೀಠವಾಗದು. ನೀಲಮ್ಮ ಕೈಮುಗಿದಳು.

ಸುಗುಣ ಮಾತ್ರ ಒಂದು ಕೇಳಿದಳು. "ನಿಂಗಳ ಎಡಗೈ ಮುರಿದಾಗ ಕೊಯ್ದು ಕಂಬಿ ಹಾಕಿದರಲ್ಲ, ದೊಡ್ಡಪ್ಪಾ?"

ಹೌದು. ತೋಟದ ಕೆಸರಲ್ಲಿ ಜಾರಿ ಬಿದ್ದು ನನ್ನ ಮುಂಗೈ ಮುರಿದಿತ್ತು. ಶಸ್ತ್ರ ಸೋಕಿತ್ತು. ಮಾಯುವವರೆಗೆ ಬಲ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸಿದೆ. ಆಮೇಲೆ ಎಡಗೈಗೆ ಮರಳಿದೆ. ಶಾಸ್ತ್ರಕ್ಕೂ ಶಿವನಿಗೂ ಏನೂ ಆಗಿರಲಿಲ್ಲ. ರೋಗಿಗೆ, ಗಾಯಗೊಂಡವನಿಗೆ ಎಷ್ಟೋ ವಿನಾಯಿತಿಗಳಿವೆ; ಅವನ್ನು ಹಟ್ಟಿಯ ಎಷ್ಟೋ ಜನಕ್ಕೆ ನಾನೇ ಹೇಳಿಕೊಟ್ಟಿದ್ದೆ. ಆದರೂ ಅಂದೆ: "ಅದು ಬಿದ್ದು ಆದದ್ದು, ಮಗಳೇ. ಇದು ಬಯಸಿ ಮಾಡಿಸಿಕೊಳ್ಳುವುದು."

ಅವಳು ತಲೆ ತಗ್ಗಿಸಿದಳು. ಸ್ವೆಟರಿನ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಎದ್ದು ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ನಾಲ್ಕು ಮಳೆಗಾಲ ಕಳೆದವು.

ಈ ಮಳೆಗಾಲದ ಒಂದು ಬೆಳಿಗ್ಗೆ ವಿಭೂತಿ ಮುಗಿದಿದೆಯೆಂದು ಅವರ ಮನೆಗೆ ಹೋದೆ. ಸುಗುಣ ಪೂಜೆಯಲ್ಲಿದ್ದಳು, ಬೆನ್ನು ನನ್ನ ಕಡೆಗೆ. ಎಡಗೈ ಎದೆಯ ಮುಂದೆ ಚಾಚಿತ್ತು. ಹುಣ್ಣಿಗೆ ಉಜ್ಜದಿರಲೆಂದು ಕಂಕುಳಲ್ಲಿ ಹಳೆಯ ಬಟ್ಟೆಯ ಮಡಿಕೆ ಇಟ್ಟುಕೊಂಡಿದ್ದಳು. ಬಟ್ಟೆಯ ಅಂಚಿನಲ್ಲಿ ಕೀವಿನ ಕಲೆ. ಮೆಲ್ಲಗೆ ಮಂತ್ರ ಹೇಳುತ್ತಿದ್ದಳು. ಪಂಚಾಕ್ಷರಿ ಮುಗಿಯಿತು. ಆಮೇಲೆ — ನನ್ನ ಎರಡು ಸಾಲು. ಒಂದು ಅಕ್ಷರ ತಪ್ಪದೆ, ಭಕ್ತಿಯಿಂದ, ನಿಧಾನವಾಗಿ. ಬಯಕೆಯನ್ನು ಗೆಲ್ಲಲೆಂದು ಅದನ್ನು ದಿನವೂ ಹೇಳಿಕೊಳ್ಳುತ್ತಿದ್ದಳಂತೆ. ನನ್ನ ಸುಳ್ಳನ್ನು ಅವಳು ದೇವರ ಮುಂದೆ ಜಪಿಸುತ್ತಿದ್ದಳು.

ಪೂಜೆ ಮುಗಿಯುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಅವಳು ತಿರುಗಿದಾಗ ಹೇಳಿದೆ: "ಅದು ಶಾಸ್ತ್ರವಲ್ಲ ಸುಗುಣಾ. ಅಂದು ನಾನು ಕಟ್ಟಿ ಹೇಳಿದ್ದು."

ಕಂಕುಳಿನ ಬಟ್ಟೆಯನ್ನು ತೆಗೆದು ಮಡಿಸಿಟ್ಟಳು.

"ಡಾಕ್ಟರು ದಿಂಬು ಇಟ್ಟುಕೋ ಎಂದದ್ದು ನಿಂಗಗೆ ಕೇಳಿಸಿತ್ತಾ?"

"ಕೇಳಿಸಿತ್ತು."

"ಮತ್ತೆ ಏಕೆ?"

"ನೀನು ನನ್ನನ್ನು ಕೇಳಿದೆ. ಅದಕ್ಕೆ."

"ಕೇಳದೆ ಹೋಗಿ ಮಾಡಿಸಿಕೊಂಡು ಬಂದಿದ್ದರೆ?"

ಅವಳಿಗೆ ಇನ್ನೊಂದು ಸುಳ್ಳು ಹೇಳಲು ನಾಲಗೆ ಏಳಲಿಲ್ಲ. "ಸುಮ್ಮನಿರುತ್ತಿದ್ದೆ" ಎಂದೆ.

ಬೈದಿದ್ದರೆ ಚೆನ್ನಾಗಿತ್ತು. ವಿಭೂತಿಯ ಗಟ್ಟಿಯೊಂದನ್ನು ನನ್ನ ಕೈಗೆ ಹಾಕಿ, ಶಾಲೆಗೆ ಹೊತ್ತಾಯಿತೆಂದು ಚೀಲ ತೆಗೆದುಕೊಂಡು ಹೊರಟುಹೋದಳು.

ಹುಣ್ಣು ಒಣಗಿದ ಮೇಲೆ ಅವಳೇ ಕೊಯಮತ್ತೂರಿಗೆ ಹೋಗಿ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡಿಕೊಂಡು ಬಂದಳು. ಜೊತೆಗೆ ಬರಲು ಶಾಲೆಯ ಗೆಳತಿಯೊಬ್ಬಳು ಒಪ್ಪಿದಳು. ಒಪ್ಪದವಳು ನೀಲಮ್ಮ.

"ನೀಲಮ್ಮಾ, ಆ ನಿಯಮ ಸುಳ್ಳು. ನಾನೇ ಹುಟ್ಟಿಸಿದ್ದು" ಎಂದು ಎಷ್ಟು ಬಗೆಯಲ್ಲಿ ಹೇಳಿದೆನೋ! "ನಿಂಗಗೆ ಮಗಳ ಮೇಲೆ ಪಾಸ, ಪ್ರೀತಿ, ಅದಕ್ಕೆ ಹೀಗೆ ಹೇಳುತ್ತೀರಿ. ಪಾಸಕ್ಕೆ ಶಾಸ್ತ್ರ ಬಿಡಲಾದೀತಾ ಅಯ್ಯಾ?" ಎಂದು ನನಗೇ ಸಮಾಧಾನ ಹೇಳಿದಳು. ಸೋಮವಾರ ಹಟ್ಟಿಯ ಹೆಂಗಸರು ಕೂಡಿ ಪೂಜೆಗೆ ಕೂರುತ್ತಾರೆ. ಕೊಯ್ಸಿಕೊಂಡು ಬಂದರೆ ಸುಗುಣ ಆ ಸಾಲಿನಲ್ಲಿ ಕೂರುವಂತಿಲ್ಲವೆಂದು ಅವರಲ್ಲಿ ಮಾತಾಗಿತ್ತು. ನನ್ನ ಶ್ಲೋಕವನ್ನು ಅವರಿಗೆಲ್ಲ ಬಾಯಿಪಾಠ ಮಾಡಿಸಿದ್ದವಳು ನೀಲಮ್ಮನೇ. ಹೆತ್ತ ಮಗಳನ್ನು ಹೊರಗಿಡಲು ತಾಯಿಗೆ ಹಗ್ಗ ಹೊಸೆದುಕೊಟ್ಟವನು ನಾನು. ಬಿಚ್ಚಹೋದರೆ ಅವಳೇ ನನ್ನ ಕೈ ತಡೆಯುತ್ತಿದ್ದಾಳೆ. ಎಂಥ ಭಕ್ತಿ ಇದು! ಎಂಥ ಗುರು ನಾನು!

ಸುಗುಣ ಆಸ್ಪತ್ರೆಗೆ ಹೋದ ಮೇಲಿನ ಸೋಮವಾರ, ಹೆಂಗಸರು ಸೇರಿದಲ್ಲಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ವೈದ್ಯೆಯ ಮಾತನ್ನು ಹೇಳಿದೆ; ನನ್ನ ಕಂಬಿ ಹಾಕಿದ ಕೈಯನ್ನು ತೋರಿಸಿದೆ. ಹಿಂದಿನಿಂದ ಯಾರೋ, "ಪಾಪ, ಅಯ್ಯಗೆ ಮರೆವು" ಎಂದರು. ಅಷ್ಟಕ್ಕೆ ನನ್ನ ತಾಳ್ಮೆ ಮುಗಿಯಿತು. ಪೂಜೆಯ ಸ್ಥಳವೆಂಬುದನ್ನೂ ಮರೆತು ಕೂಗಿದೆ: "ಮರೆವು ಈಗಲೂ ಇಲ್ಲ, ಆಗಲೂ ಇರಲಿಲ್ಲ! ಗೊತ್ತಿದ್ದೇ ಸುಳ್ಳು ಹೇಳಿದೆ. ಆ ಹುಡುಗಿ ನಾಲ್ಕು ವರ್ಷ ಕೀವು ಒರೆಸಿಕೊಂಡಳು. ತಪ್ಪು ನನ್ನ ವಯಸ್ಸಿನದಲ್ಲ, ನನ್ನದು."

ಮುಂದಿನ ಸಾಲಿನಲ್ಲಿದ್ದ ರಾಜಮ್ಮ — ಎಲೆ ಕೊಯ್ಯಲು ಹೋಗುವವಳು, ನನ್ನೆದುರು ಎಂದೂ ದನಿಯೆತ್ತದವಳು — ಮೆಲ್ಲನೆ ಕೇಳಿದಳು: "ಹಾಗಾದರೆ ಅಯ್ಯಾ, ನಿಂಗ ಎಂಗಗೆ ಹೇಳಿಕೊಟ್ಟ ಮಿಕ್ಕದ್ದರಲ್ಲಿ ಯಾವುದು ನಿಜ?"

ಮಿಕ್ಕದ್ದೆಲ್ಲ ನಿಜವೇ, ಆದರೆ ಅದನ್ನು ನನ್ನ ಬಾಯಿಂದ ಅವಳು ಏಕೆ ನಂಬಬೇಕು? ಗುರುಗಳು ಕೊಟ್ಟದ್ದನ್ನೂ ನಾನು ಹಾಳುಮಾಡಿದ್ದೆ. "ಇನ್ನು ಮುಂದೆ ನಾನು ಏನು ಹೇಳಿದರೂ ಎಲ್ಲಿದೆ ತೋರಿಸಿ ಎಂದು ಕೇಳಮ್ಮಾ" ಎಂದೆ. ನೀಲಮ್ಮ ನನ್ನ ಮುಖ ನೋಡಲಿಲ್ಲ. ಆದರೆ ಮರುದಿನ ಬೆಳಗಿನ ಬಸ್ಸಿಗೆ, ಯಾರಿಗೂ ಹೇಳದೆ, ಕೊಯಮತ್ತೂರಿಗೆ ಇಳಿದು ಹೋದಳು.

ತಾಯಿ ಮಗಳು ಮರಳಿ ಬಂದು ಕೆಲವು ದಿನಗಳಾದವು. ಹೊಲಿಗೆ ಮಾಯುತ್ತಿದೆಯಂತೆ. ಎಡ ಕಿರುಬೆರಳ ಕಡೆ ಸ್ವಲ್ಪ ಜೋಮಿದೆಯಂತೆ. ಇದೆಲ್ಲ ಬೇರೆಯವರಿಂದ ತಿಳಿದದ್ದು. ನಡುವೆ ಒಂದೇ ಗೋಡೆ. ನಾನು ಹೋಗಿ ನೋಡಿಲ್ಲ, ಸುಗುಣ ಕರೆದಿಲ್ಲ. ಕರೆದರೆ ಹೋಗುವೆ. ಕರೆಯುವುದೋ ಬಿಡುವುದೋ, ಅದನ್ನು ಅವಳು ಯಾರನ್ನೂ ಕೇಳಬೇಕಾಗಿಲ್ಲ.