ಸಂಡಿಗೆಯ ಸಾಲೂ ಆಂಟೆನಾದ ಸಾಲೂ

ಸಂಡಿಗೆ ಇಡುವುದರಲ್ಲಿ ನನಗಿದ್ದ ಶಿಸ್ತು ಸಯನ್ನಿನ ನಮ್ಮ ಬಿಲ್ಡಿಂಗಿಗೇ ಗೊತ್ತಿತ್ತು. ಬೇಸಿಗೆಯ ಭಾನುವಾರಗಳಂದು, ಟೀವಿ ಆಂಟೆನಾಗಳ ಕಾಡಾಗಿದ್ದ ಟೆರೇಸಿನಲ್ಲಿ ಹಳೆಯ ಪಂಚೆ ಹಾಸಿ, ಹೆಂಡತಿ ಸರೋಜ ಕಲಸಿಕೊಟ್ಟ ಅರಳು ಸಂಡಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದಂತೆ ಇಡುತ್ತಿದ್ದೆ. ನಗಬೇಡಿ ಮಿತ್ರರೇ, ಸಾಲು ಸೊಟ್ಟಗಾದರೆ ನನಗೆ ಊಟ ಸೇರುವುದಿಲ್ಲ.

ಆ ವರ್ಷವಂತೂ ನಿಜಕ್ಕೂ ಊಟ ಸೇರುತ್ತಿರಲಿಲ್ಲ. ಕುರ್ಲಾದಾಚೆಯ ಪ್ರಯೋಗಾಲಯದಲ್ಲಿ ಹಡಗಿಗೊಂದು ಆಂಟೆನಾ ವಿನ್ಯಾಸ ಮಾಡುವ ಹೊಣೆ ನನ್ನದಾಗಿತ್ತು. ಅದು ಒಂದೇ ದೊಡ್ಡ ತಟ್ಟೆಯಲ್ಲ; ಹಲಗೆಯ ಮೇಲೆ ಕೂರಿಸಿದ ಅರವತ್ತನಾಲ್ಕು ಪುಟ್ಟ ಆಂಟೆನಾಗಳ ಮೇಳ. ಒಂದೊಂದಕ್ಕೂ ಸಂಕೇತವನ್ನು ಚೂರು ಹಿಂದೆಮುಂದೆ ಮಾಡಿ ಕಳಿಸಿದರೆ, ಹಲಗೆ ಅಲುಗದೆಯೇ ಕಿರಣ ಬೇಕಾದತ್ತ ತಿರುಗುತ್ತದೆ. ಆದರೆ ಹಡಗಿನ ಕಂಬ ಅಷ್ಟು ಭಾರ ತಾಳದು, ಅರ್ಧದಷ್ಟು ಆಂಟೆನಾಗಳಲ್ಲೇ ಮುಗಿಸಿ ಎಂದರು ಹಡಗಿನವರು. ಜೊತೆಗೆ ಉದ್ದನೆಯ ರೇಡಿಯೋ ಅಲೆಗೂ ಗಿಡ್ಡ ಅಲೆಗೂ ಅದೇ ಹಲಗೆ ದುಡಿಯಬೇಕು. ಮೂವತ್ತೆರಡನ್ನು ಸಮ ಅಂತರದಲ್ಲಿ ದೂರ ದೂರ ಕೂರಿಸಿದೆ. ಉದ್ದನೆಯ ಅಲೆಗೆ ಸರಿಹೋಯಿತು. ಗಿಡ್ಡ ಅಲೆ ಬಂದೊಡನೆ ಬೇಡದ ದಿಕ್ಕಿಗೂ ಅಷ್ಟೇ ಬಲದ ಕಳ್ಳ ಕಿರಣಗಳು ಹೊರಟವು. ಧಾರವಾಡದ ಕಡೆಯವರಾದ ನಮ್ಮ ಸಾಹೇಬರು, "ಶುಕ್ರವಾರದೊಳಗ ಆಗ್ಲಿಲ್ಲಂದ್ರ ಈ ಕೆಲಸಾ ಬ್ಯಾರೇದವರಿಗೆ ಕೊಡ್ತೀನ್ರಿ" ಅಂದುಬಿಟ್ಟರು. ಮೂರು ವರ್ಷದ ದುಡಿಮೆ ಕೈಬಿಟ್ಟುಹೋಗುವುದೆಂದು ದಿಗಿಲಾಯಿತು.

ಆ ಭಾನುವಾರ ಅದೇ ಚಿಂತೆಯಲ್ಲಿ ಸಂಡಿಗೆ ಇಡುತ್ತಿದ್ದಾಗ ಕಾಗೆಯೊಂದು ಸಾಲುಗಳ ನಡುವೆ ಯಜಮಾನನ ಠೀವಿಯಲ್ಲಿ ನಡೆದುಹೋಗಿ ಒಂದನ್ನು ಕಚ್ಚಿಕೊಂಡು ಹಾರಿತು. ಸರೋಜ ಹಣೆ ಚಚ್ಚಿಕೊಂಡಳು.

"ಇದೇನ್ರೀ ಕವಾಯತು? ಹೀಗೆ ಲೈನಾಗಿ ಇಟ್ರೆ ಯಾವ ಕಡೆಯಿಂದ ನೋಡಿದ್ರೂ ಗಲ್ಲಿ! ನಮ್ಮಮ್ಮ ಒಂದು ಹಿಂದೆ, ಒಂದು ಮುಂದೆ ಇಡ್ತಿದ್ರು. ಕಾಗೆ ಕಾಲಿಗೆ ದಾರೀನೇ ಸಿಗಬಾರದು."

ಪಂಚೆಯನ್ನೇ ನೋಡುತ್ತ ಕುಳಿತೆ. ನನ್ನ ಹಲಗೆಯ ತುಂಬ ಇಂಥವೇ ಗಲ್ಲಿಗಳು. ಕಳ್ಳ ಕಿರಣಗಳಿಗೆ ರಸ್ತೆ ಹಾಕಿಕೊಟ್ಟವನು ನಾನೇ. ಅಂದವೆಂದರೆ ಸಮ ಅಂತರವೆಂದು ನನಗೆ ಯಾರು ಹೇಳಿದ್ದರೋ! ಬೆಳಗಿನ ಲೋಕಲ್ ರೈಲಿನಲ್ಲಿ ಓರೆಯಾಗಿ, ಒರಗಿ, ಒಂಟಿಕಾಲಿನಲ್ಲಿ ನಿಂತೇ ಅಲ್ಲವೆ ಈ ಊರಿನ ಅಷ್ಟು ಜನ ಹಿಡಿಸುವುದು? ಆದರೂ ಸೋಮವಾರ ಆ ಮೂವತ್ತೆರಡನ್ನು ಕಿತ್ತು, ಯಾವ ಎರಡು ಅಂತರವೂ ಒಂದಾಗದಂತೆ ಕೂರಿಸುವ ಲೆಕ್ಕಕ್ಕಿಳಿದಾಗ, ನನ್ನ ಜೀವವೇ ಸೊಟ್ಟಗಾದಂತೆ ಸಂಕಟಪಟ್ಟೆ.

ಶುಕ್ರವಾರ ಸಾಹೇಬರು ಹಲಗೆ ನೋಡಿ, "ಏನ್ರೀ, ಕಣ್ಣು ಮುಚ್ಚಿ ಹಚ್ಚೀರೇನು?" ಅಂದರು. ಅಳೆದು ನೋಡಿದೆವು. ಕಳ್ಳ ಕಿರಣಗಳು ಪುಡಿಪುಡಿಯಾಗಿ ನಾಲ್ಕೂ ಕಡೆ ಚೆದುರಿಹೋಗಿದ್ದವು. ಉದ್ದನೆಯ ಅಲೆಗೂ ಗಿಡ್ಡ ಅಲೆಗೂ ಉಳಿದ ದೊಡ್ಡ ಕಿರಣ ಒಂದೇ. ನನಗೆ ಕುಣಿಯುವಷ್ಟು ಸಂತೋಷವಾಯಿತು.

ವರದಿಯ ಕೊನೆಯಲ್ಲಿ ನೆರವಾದವರನ್ನು ನೆನೆಯುವ ಜಾಗದಲ್ಲಿ ಒಂದೇ ಹೆಸರು ಬರೆದೆ. ಸಾಹೇಬರು ಕನ್ನಡಕ ಏರಿಸಿಕೊಂಡು ಕೇಳಿದರು: "ಈ ಸರೋಜ ಯಾವ ವಿಭಾಗದಾಗ ಇದ್ದಾರ್ರಿ?"

"ನಮ್ಮ ಮನೆಯವರು ಸಾರ್."

ಅವರು ಪೆನ್ನು ತೆಗೆದರು. ಹೊಡೆದುಹಾಕುತ್ತಾರೆ ಅಂದುಕೊಂಡೆ. ಹೆಸರಿನ ಹಿಂದೆ 'ಶ್ರೀಮತಿ' ಎಂದು ಸೇರಿಸಿ, ಕೆಳಗೆ ಸಹಿ ಹಾಕಿದರು.